ತುರುಪಿನ ಎಲೆಯ ಪೂರ್ವೋತ್ತರ

ಗದಗ-ಬೆಟಗೇರಿಯ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಟ್ಟೆಗಳ ಮೇಲಾಗಲಿ, ಹಬ್ಬದ ಬಿಡುವಿನಲ್ಲಿ ನಾಲ್ವರು ಇಸ್ಪೀಟಿನ ಎಲೆಗಳನ್ನು ಹಿಡಿದು ಕುಳಿತಿರುವ ನೋಟ ಕೇಳುಗರಿಗೆ ಹೊಸದಲ್ಲ. ಆದರೆ ಆಟದ ನಡುವೆ ಅವರು ಆಡುವ ಮಾತುಗಳಿಗೆ ನಾವು ಕಿವಿಗೊಡುವುದು ಅಪೂರ್ವ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲೊಂದಾಗಿ ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವಷ್ಟೆ. ಅಲ್ಲಿಯೂ ಎಲೆಯಾಟದ ಪರಿಭಾಷೆ ಬಹುಮಟ್ಟಿಗೆ ಹೊರಗಿನದು. ಕಳಾವರು ಎಂಬುದು ಡಚ್ಚರ 'ಕ್ಲಾವರ್'. ಆಟೀನು ಎಂಬುದು ಅವರ 'ಹಾರ್ಟನ್'. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದುದರಿಂದ ಮರಾಠಿಯ 'ಬದಾಮ', 'ಚೌಕಟ' ಎಂಬ ಹೆಸರುಗಳೂ ಈ ಸೀಮೆಯವರಿಗೆ ಅಪರಿಚಿತವಲ್ಲ. ಇವೆಲ್ಲಕ್ಕಿಂತ ಕುತೂಹಲಕರವಾದ ಮಾತು 'ತುರುಪು'. ಇದು ಡಚ್ಚರ 'ಟ್ರೂಫ್' ಎಂಬುದಕ್ಕೆ ತೀರ ಹತ್ತಿರದ್ದು. ಯಾವ ಐರೋಪ್ಯರ ಬಾಯಿಂದ ಬಂದಿದ್ದರೂ ಅದರ ಬೇರು ಇಟಲಿಯ 'ತ್ರಿಯೋನ್ಫಿ', ಅಂದರೆ ವಿಜಯೋತ್ಸವಗಳು, ಎಂಬ ಪದದಲ್ಲಿದೆ. ಇಂದು ಟ್ಯಾರೋ ಎಂದು ಕರೆಯುವ ಚಿತ್ರದೆಲೆಗಳಿಗೆ ಹುಟ್ಟಿದಾಗ ಇಟ್ಟ ಹೆಸರು ಅದೇ.

ಈ ಟ್ಯಾರೋ ಎಲೆಗಳಿಂದ ಭವಿಷ್ಯ ನುಡಿಯುವ ಕಸುಬು ಈಚೆಗೆ ನಮ್ಮ ಪಟ್ಟಣಗಳಿಗೂ, ಕೈಯಲ್ಲಿನ ಫೋನುಗಳಿಗೂ ಬಂದಿದೆ. ಪರೀಕ್ಷೆಯ ಫಲವನ್ನು ಕೇಳಿ ಹಣ ತೆರುವವರಲ್ಲಿ ನನ್ನ ವಿದ್ಯಾರ್ಥಿಗಳೂ ಉಂಟು. ಬಂದ ಸಂಬಂಧವನ್ನು ಎಲೆಯ ಮಾತು ಕೇಳಿ ಬಿಟ್ಟವರೂ ಉಂಟು. ಅವರಿಗೆ ಹೇಳಲಾಗುವ ಕಥೆ ಇಷ್ಟು: ಟ್ಯಾರೋ ಎಂಬುದು ಪುರಾತನ ಈಜಿಪ್ಟಿನ ಪುರೋಹಿತರ ಗೂಢವಿದ್ಯೆ, ನಮ್ಮ ಐವತ್ತೆರಡು ಎಲೆಗಳ ಕಟ್ಟು ಅದು ಕೆಟ್ಟು ಉಳಿದ ತುಣುಕು. ಈ ಕಥೆಯಲ್ಲಿ ತಾಯಿಯನ್ನು ಮಗಳೆಂದೂ ಮಗಳನ್ನು ತಾಯಿಯೆಂದೂ ಹೇಳಿದೆ.

ಎಲೆಯಾಟ ಚೀನದಲ್ಲಿ ಹುಟ್ಟಿ ಪಶ್ಚಿಮಕ್ಕೆ ಸಾಗಿತು. ಈಜಿಪ್ಟಿನ ಮಾಮ್ಲೂಕ ಸುಲ್ತಾನರ ಕಾಲದ ಒಂದು ಕಟ್ಟು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿದೆ. ವಿದ್ವಾಂಸನಾದ ಮೇಯರ್ ಎಂಬಾತನು ೧೯೩೧ರಲ್ಲಿ ಅದನ್ನು ಗುರುತಿಸಿದನು. ನಾಣ್ಯ, ಬಟ್ಟಲು, ಖಡ್ಗ, ಚೆಂಡಾಟದ ಕೋಲು ಎಂಬ ನಾಲ್ಕು ರಂಗುಗಳು; ಒಂದೊಂದರಲ್ಲಿ ಹತ್ತು ಅಂಕೆಯ ಎಲೆಗಳು, ಒಬ್ಬ ರಾಜ, ಇಬ್ಬರು ನಾಯಿಬರು; ಒಟ್ಟು ೫೨. ಸ್ಪೇನಿನವರು ಎಲೆಗಳನ್ನು ಇಂದಿಗೂ 'ನೈಪೆಸ್' ಎನ್ನುವುದು ಈ ನಾಯಿಬನಿಂದಲೇ. ಈ ಬಗೆಯ ಆಟ ಯುರೋಪನ್ನು ಮುಟ್ಟಿ, ೧೩೭೭ರಲ್ಲಿ ಫ್ಲಾರೆನ್ಸ್ ನಗರದವರು ಅದನ್ನು ನಿಷೇಧಿಸುವಷ್ಟು ಹಬ್ಬಿತು. ಆಗ ಟ್ಯಾರೋ ಇನ್ನೂ ಹುಟ್ಟಿರಲಿಲ್ಲ. ಅದರ ಉಲ್ಲೇಖ ಮೊದಲು ದೊರೆಯುವುದು ೧೪೪೦ರಲ್ಲಿ, ಅದೇ ಫ್ಲಾರೆನ್ಸಿನಲ್ಲಿ. ಎರಡು ವರ್ಷಗಳ ಮೇಲೆ ಫೆರಾರದ ಅರಮನೆಯ ಲೆಕ್ಕದಲ್ಲಿ. ಗದುಗಿನ ನಾರಣಪ್ಪನು ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಬರೆದುದೂ ಆ ಶತಮಾನದಲ್ಲಿಯೇ. ಅವನ ಧರ್ಮರಾಯನು ಸೋತದ್ದು ದಾಳಗಳಿಂದ. ಎಲೆಗಳ ಗೋಜು ಅವನಿಗಿರಲಿಲ್ಲ.

ಇಟಲಿಯವರು ಮಾಡಿದ್ದೇನೆಂದರೆ, ರೂಢಿಯಲ್ಲಿದ್ದ ನಾಲ್ಕು ರಂಗುಗಳಿಗೆ ಒಬ್ಬೊಬ್ಬ ರಾಣಿಯನ್ನು ಕೂಡಿಸಿ ೫೬ ಎಲೆಗಳನ್ನಾಗಿ ಮಾಡಿ, ಅವಕ್ಕೆ ಬೇರೆಯಾಗಿ ೨೨ ಚಿತ್ರದೆಲೆಗಳನ್ನು ಸೇರಿಸಿದರು. ಚಕ್ರವರ್ತಿ, ಪೋಪ್, ಪ್ರೇಮ, ಭಾಗ್ಯಚಕ್ರ, ಮರಣ, ಸೂರ್ಯ, ಚಂದ್ರ ಮೊದಲಾದ ಇಪ್ಪತ್ತೊಂದು, ಮತ್ತೊಬ್ಬ ಮರುಳ. ಇವುಗಳ ಕೆಲಸ ಆಟದೊಳಗಿನದು. ಇಳಿದ ರಂಗಿನ ಎಲೆ ಕೈಯಲ್ಲಿಲ್ಲದವನು ಚಿತ್ರದೆಲೆಯನ್ನು ಇಳಿಸಿದರೆ ರಾಜನೂ ಸೋಲುತ್ತಾನೆ, ಸುತ್ತು ಇವನದಾಗುತ್ತದೆ. ಒಂದು ರಂಗು ಮತ್ತೊಂದನ್ನು ಹೊಡೆಯುವ ಉಪಾಯ ಜರ್ಮನಿಯ ಒಂದು ಆಟದಲ್ಲಿ ೧೪೨೬ರ ಹೊತ್ತಿಗೇ ಅಷ್ಟಿಷ್ಟು ಇತ್ತು. ಆದರೆ ಹೆಸರು ನಿಂತದ್ದು ಇಟಲಿಯದು. ಬಳಿಕ ಜನರು, ಬೇರೆ ಚಿತ್ರಗಳೇತಕ್ಕೆ, ಇರುವ ನಾಲ್ಕು ರಂಗುಗಳಲ್ಲಿ ಒಂದನ್ನೇ ಆ ಪದವಿಗೆ ಏರಿಸಿದರಾಯಿತಲ್ಲ ಎಂದುಕೊಂಡರು. ಸಾಮಾನ್ಯ ಕಟ್ಟಿನ ಆಟವೇ ತ್ರಿಯೋನ್ಫಿ ಎನಿಸಿಕೊಂಡಿತು. ತನ್ನ ಹೆಸರನ್ನು ಕಳೆದುಕೊಂಡ ಚಿತ್ರದಾಟಕ್ಕೆ ಬೇರೆ ಹೆಸರು ಬೇಕಾಯಿತು. ೧೫೦೫ರಿಂದ ಅದು 'ತಾರೋಕಿ'. ಹೀಗೆ ನಮ್ಮ ಕಟ್ಟೆಯ ಮೇಲಿನವರಿಗೆ ಟ್ಯಾರೋವಿನಿಂದ ಬಂದುದು ಒಂದು ನಿಯಮವೂ ಒಂದು ಹೆಸರೂ. ಜೋಕರ್ ಎಂಬವನು ಟ್ಯಾರೋವಿನ ಮರುಳನೇ ಎಂದು ಹೇಳುವುದುಂಟು, ಅದು ನಿಜವಲ್ಲ. ಜೋಕರನು ಅಮೆರಿಕದಲ್ಲಿ ೧೮೬೦ರ ದಶಕದಲ್ಲಿ ಯೂಕರ್ ಎಂಬ ಆಟಕ್ಕಾಗಿ ಹುಟ್ಟಿದವನು.

ಎರಡು ಮನೆಗಳಿಗೂ ಮೂಲ ಒಂದೇ ಎಂಬುದಕ್ಕೆ ಇನ್ನೊಂದು ಸಾಕ್ಷಿಯುಂಟು. ಅದು ನಮ್ಮ ದೇಶದಲ್ಲಿಯೇ ಇದೆ. ಬಾಬರನು ೧೫೨೭ರಲ್ಲಿ ಸಿಂಧದ ಶಾ ಹುಸೇನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದುದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ದುಂಡಗಿನ ಎಲೆಗಳು, ಮೊಗಲರ ಕಟ್ಟಿನಲ್ಲಿ ಎಂಟು ರಂಗು, ಒಂದೊಂದರಲ್ಲಿ ರಾಜ, ಪ್ರಧಾನಿ, ಹತ್ತು ಅಂಕೆ, ಒಟ್ಟು ೯೬. ನಾಣ್ಯವೂ ಖಡ್ಗವೂ ಇಲ್ಲಿ ಸಹ ಇವೆ. ಅರ್ಧದಷ್ಟು ರಂಗುಗಳಲ್ಲಿ ಹತ್ತಕ್ಕೆ ಹೆಚ್ಚಿನ ಬಲ, ಒಂದಕ್ಕೆ ಕನಿಷ್ಠ. ಉಳಿದರ್ಧದಲ್ಲಿ ಕ್ರಮ ತಲೆಕೆಳಗು. ಎಕ್ಕವೇ ಬಲಿಷ್ಠ, ಹತ್ತು ಬಡವ. ಇಟಲಿಯ ಹಳೆಯ ಟ್ಯಾರೋ ಆಟದಲ್ಲಿಯೂ ಖಡ್ಗ, ಕೋಲುಗಳಲ್ಲಿ ಹತ್ತು ಮೇಲು. ಬಟ್ಟಲು, ನಾಣ್ಯಗಳಲ್ಲಿ ಒಂದು ಮೇಲು. ಇಂತಹ ವಿಚಿತ್ರ ಕಟ್ಟಳೆಯನ್ನು ಮಿಲಾನಿನವರೂ ಮೊಗಲರೂ ಬೇರೆ ಬೇರೆಯಾಗಿ ಕಲ್ಪಿಸಿಕೊಂಡರೆಂದು ನಂಬುವುದು ಕಷ್ಟ. ನಡುವೆ ನಿಂತ ಮುಸಲ್ಮಾನ ದೇಶಗಳ ಎಲೆಯಾಟದಿಂದ ಎರಡು ಕವಲುಗಳು ಒಡೆದುವೆಂದೇ ತಿಳಿಯಬೇಕು. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮೆಟ್ ೧೯೮೦ರಲ್ಲಿ ಟ್ಯಾರೋವಿನ ಮೇಲೆ ಬೃಹತ್ತಾದ ಗ್ರಂಥವೊಂದನ್ನು ಬರೆದನು. ತರ್ಕದಲ್ಲಿ ಅಂತಹ ನಿಪುಣನು ಎಲೆಯ ನಿಯಮಗಳಿಗೆ ವರ್ಷಗಳನ್ನು ಕೊಟ್ಟುದು ಹಲವರಿಗೆ ವಿನೋದವಾಗಿ ಕಂಡಿತು. ನನಗೆ ಅದು ಬಹು ಸಹಜವಾಗಿ ತೋರುತ್ತದೆ.

ಹಾಗಾದರೆ ಈಜಿಪ್ಟಿನ ಪುರೋಹಿತರು ಎಲ್ಲಿಂದ ಬಂದರು? ಪ್ಯಾರಿಸಿನ ಕೂರ್ ದ ಜೆಬೆಲಾನ್ ಎಂಬ ಪಂಡಿತನು ೧೭೮೧ರಲ್ಲಿ ತನ್ನ ದೊಡ್ಡ ಗ್ರಂಥದ ಎಂಟನೆಯ ಸಂಪುಟದಲ್ಲಿ ಅವರನ್ನು ಕರೆತಂದನು. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋನನು ಬಿಡಿಸಿ ಓದಿದ್ದು ೧೮೨೨ರಲ್ಲಿ; ಜೆಬೆಲಾನನು ಅದಕ್ಕೆ ನಲವತ್ತೊಂದು ವರ್ಷ ಮೊದಲೇ, ಒಂದಕ್ಷರವನ್ನೂ ಓದಲಾರದೆ, ಆ ಲಿಪಿಯವರ ಗುಟ್ಟನ್ನು ಹೇಳಿದನು! ಎತ್ತೆಯ್ಲಾ ಎಂಬವನು ಅದೇ ದಶಕದಲ್ಲಿ ಇದನ್ನು ಜೀವನೋಪಾಯವಾಗಿ ಮಾಡಿಕೊಂಡನು. ಈಗ ಎಲ್ಲೆಲ್ಲಿಯೂ ಕಾಣುವ ಚಿತ್ರಗಳು ಪಮೀಲಾ ಕೋಲ್ಮನ್ ಸ್ಮಿತ್ ಎಂಬಾಕೆ ಬರೆದವು. ಲಂಡನ್ನಿನಲ್ಲಿ ೧೯೦೯ರಲ್ಲಿ ಅಚ್ಚಾದುವು. ಅಂದರೆ ಸುಮಾರು ಮುನ್ನೂರ ನಲವತ್ತು ವರ್ಷ ಟ್ಯಾರೋ ಮುಖ್ಯವಾಗಿ ಆಟವಾಗಿಯೇ ಇತ್ತು. ಫ್ರಾನ್ಸ್, ಆಸ್ಟ್ರಿಯ ದೇಶಗಳಲ್ಲಿ ಈಗಲೂ ಅದನ್ನು ಆಡುತ್ತಾರೆ. ಜಾತ್ರೆಯಲ್ಲಿ ಗಿಳಿಶಾಸ್ತ್ರದವನ ಗಿಳಿ ದೇವರ ಪಟವಿರುವ ಚೀಟಿಯನ್ನು ಎತ್ತಿಕೊಡುತ್ತದೆ. ಅವನು ಆ ಪಟಕ್ಕೆ ಈಜಿಪ್ಟನ್ನು ಸಾಕ್ಷಿಗೆ ಕರೆಯುವುದಿಲ್ಲ, ಹಣವನ್ನೂ ಹೆಚ್ಚು ಕೇಳುವುದಿಲ್ಲ.

ನಮ್ಮವರು ಎಲೆಗಳ ಮೇಲೆ ದೇವರನ್ನು ಬರೆದರು. ಆದರೂ ಆಟವನ್ನು ಆಟವೆಂದೇ ಇಟ್ಟುಕೊಂಡರು. ದಶಾವತಾರದ ಗಂಜೀಫಾದಲ್ಲಿ ಹತ್ತು ರಂಗು, ೧೨೦ ಎಲೆ. ಹಗಲಿನಲ್ಲಿ ರಾಮನ ಎಲೆ ಹಿಡಿದವನು ಆಟವನ್ನು ಮೊದಲುಮಾಡಬೇಕು, ರಾತ್ರಿಯಲ್ಲಿ ಕೃಷ್ಣನನ್ನು ಹಿಡಿದವನು. ಗಂಜೀಫಾದ ವಾಡಿಕೆಯ ಆಟಗಳಲ್ಲಿ ತುರುಪು ಇಲ್ಲ. ಅದನ್ನು ತಂದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ೧೮೬೮ರಲ್ಲಿ ತೀರಿಕೊಂಡ ಈ ಅರಸರು ಛದವೆಂಬ ಹೊಸ ಆಟಗಳನ್ನು ಕಲ್ಪಿಸಿದರು; ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಕೆಲವು ಛದಗಳಲ್ಲಿ ಹದಿನೆಂಟು ರಂಗುಗಳು, ಒಂದೊಂದು ರಂಗಿನಲ್ಲಿ ಹನ್ನೆರಡು ಅಂಕೆಗಳೂ ಆರು ಚಿತ್ರಗಳೂ. ದೊಡ್ಡ ಕಟ್ಟಿನಲ್ಲಿ ೩೬೦ ಎಲೆಗಳು. ಅವುಗಳಲ್ಲಿ ಕೆಲವು, ಇಟಲಿಯ ಆ ಇಪ್ಪತ್ತೊಂದರಂತೆ, ಎಂದೆಂದಿಗೂ ತುರುಪಾಗಿಯೇ ಇರತಕ್ಕವು. ಅಷ್ಟೊಂದು ಎಲೆಗಳನ್ನು ಕೈಯಲ್ಲಿ ಹಿಡಿದು ನೆನಪಿನಲ್ಲಿಟ್ಟು ಆಡುವವರು ಅರಮನೆಯ ಹೊರಗೆ ಹುಟ್ಟಲಿಲ್ಲ. ನಮ್ಮ ಕಾಲದಲ್ಲಿ ಮೈಸೂರಿನ ರಘುಪತಿ ಭಟ್ಟರು ಗಂಜೀಫಾದ ಚಿತ್ರಕಲೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ನೆರೆಯ ಸಾವಂತವಾಡಿಯ ಅರಮನೆಯಲ್ಲಿಯೂ ಕುಶಲಿಗಳು ಕುಳಿತು ದುಂಡನೆಯ ಎಲೆಗಳ ಮೇಲೆ ಅವತಾರಗಳನ್ನು ಬರೆಯುತ್ತಾರೆ; ಕೊಂಡೊಯ್ಯುವವರು ಬಹುಪಾಲು ಅವನ್ನು ಕನ್ನಡಿಯ ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕುತ್ತಾರೆ.