ಮೇಜಿನ ಮೇಲೆ ಎಡಕುಮೇರಿ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಆ ಮಹಾ ಪ್ಲಾಟ್‌ಫಾರ್ಮನ್ನು ಎಂಬತ್ತೇಳು ಪಟ್ಟು ಕುಗ್ಗಿಸಿದರೆ ಎಷ್ಟು ಉದ್ದ ಉಳಿದೀತು? ಹೇಳಿ ನೋಡೋಣ. ಒಂದು ಮೇಜಿನಷ್ಟು? ಒಂದು ಕೋಣೆಯಷ್ಟು? 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಅದು: 1507 ಮೀಟರ್. ಎಂಬತ್ತೇಳರಿಂದ ಭಾಗಿಸಿ. ಹದಿನೇಳು ಮೀಟರಿಗೂ ಮಿಕ್ಕಿ ಉಳಿಯುತ್ತದೆ, ಅಂದರೆ ಹೆಚ್ಚುಕಡಿಮೆ 57 ಅಡಿ! ಮೂವತ್ತು-ನಲವತ್ತರ ಸೈಟಿನ ಮನೆಯ ಹಿಂಗೋಡೆಗೆ ಒಂದು ತುದಿ ಆನಿಸಿಟ್ಟರೆ, ಇನ್ನೊಂದು ತುದಿ ಮುಂಬಾಗಿಲು, ಗೇಟು ಎಲ್ಲ ದಾಟಿ ಬೀದಿಯಲ್ಲಿ ನಿಂತಿರುತ್ತದೆ. ಕುಗ್ಗಿಸಿದ ಮೇಲಿನ ಕಥೆ ಇದು!

ಈ ಒಂದು ಭಾಗಾಕಾರ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾದರಿ ರೈಲು ಎಂದರೆ ಕೀ ಕೊಟ್ಟು ಬಿಡುವ ಆಟಿಕೆ ಎಂದುಕೊಂಡಿದ್ದವನ ಕೈಗೆ ಕ್ಯಾಲ್ಕುಲೇಟರ್ ಸಿಕ್ಕಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಜನ ಬಳಸುವ ಅಳತೆ ಈ ಎಂಬತ್ತೇಳರಲ್ಲಿ ಒಂದು ಪಾಲು. ಎಚ್‌ಓ ಎಂದು ಅದರ ಹೆಸರು. ನಿಜದ ಒಂದು ಅಡಿ ಇಲ್ಲಿ ಮೂರೂವರೆ ಮಿಲಿಮೀಟರ್. ಐದಡಿ ಏಳಂಗುಲದ ಸ್ಟೇಷನ್ ಮಾಸ್ತರರು ಎರಡು ಸೆಂಟಿಮೀಟರಿಗೂ ಒಂದು ಕೂದಲೆಳೆ ಕಡಿಮೆ. ಹದಿನಾರು ಇಂಚಿನ ಮಂಗಳೂರು ಹೆಂಚು ಐದು ಮಿಲಿಮೀಟರಿನ ಒಳಗೆ. ನೂರು ಚದರ ಮೀಟರಿನ ಒಂದು ಸಣ್ಣ ನಿಲ್ದಾಣದ ಸೂರಿಗೆ ಅಂಥ ಹೆಂಚು ಸಾವಿರದೈನೂರು ಬೇಕು. ಹಳಿಯ ಕೆಳಗಿನ ಜಲ್ಲಿಯಲ್ಲಿ ಅತಿ ದಪ್ಪನೆಯ ಕಲ್ಲು 65 ಮಿಲಿಮೀಟರ್. ಇಲ್ಲಿ ಅದು ಮುಕ್ಕಾಲು ಮಿಲಿಮೀಟರ್, ಅಂದರೆ ಜರಡಿ ಹಿಡಿದ ಮರಳು.

ಹಾಗಾದರೆ ಯಾವ ನಿಲ್ದಾಣವನ್ನು ಮೇಜಿಗೆ ಇಳಿಸಬೇಕು? ನನ್ನ ಮನಸ್ಸು ನೇರವಾಗಿ ಓಡಿದ್ದು ಸಕಲೇಶಪುರದಾಚೆಯ ಘಾಟಿಗೆ. ಎಡಕುಮೇರಿ! ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವೆ, ಮೋಟಾರು ರಸ್ತೆಯೇ ಇಲ್ಲದ ಕಾಡಿನೊಳಗೆ, ರೈಲಿಗಾಗಿಯೇ ಹುಟ್ಟಿ ರೈಲನ್ನೇ ನಂಬಿಕೊಂಡಿರುವ ನಿಲ್ದಾಣ. ಮುಂದೆ ಸೇತುವೆ, ಹಿಂದೆ ಸುರಂಗ, ಪಕ್ಕದಲ್ಲಿ ಕಮರಿ, ಮೇಲೆ ಮಳೆ. ಈ ಹಾದಿಯಲ್ಲಿ 57 ಸುರಂಗಗಳಿವೆ. ಇಡೀ 55 ಕಿಲೋಮೀಟರ್ ಘಾಟಿಯನ್ನು ಕುಗ್ಗಿಸುತ್ತೇನೆ ಎಂದು ಹೊರಟರೆ ಆರುನೂರ ಮೂವತ್ತು ಮೀಟರ್ ಉದ್ದದ ಮೇಜು ಬೇಕು. ಅದಕ್ಕೇ ಒಂದೇ ನಿಲ್ದಾಣ, ಅದರ ಎರಡು ಮಗ್ಗುಲಿನ ಗುಡ್ಡ, ಸಾಕು.

ಈಗ ಹಳಿಯ ಅಗಲ ನೋಡಿ. ಇಲ್ಲಿ ಲೆಕ್ಕ ಮೈ ನವಿರೇಳಿಸುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರ್. ಎಂಬತ್ತೇಳರಿಂದ ಗುಣಿಸಿದರೆ 1435 ಮಿಲಿಮೀಟರ್, ಅದು ಯುರೋಪು-ಅಮೆರಿಕದ ಸ್ಟ್ಯಾಂಡರ್ಡ್ ಗೇಜು. ನಮ್ಮ ಬ್ರಾಡ್ ಗೇಜು 1676. ಅದಕ್ಕೆ 19 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಅಗಲದ ಹಳಿ ಬೇಕು. ಅಂಗಡಿಯಲ್ಲಿ ಅದು ಸಿದ್ಧವಾಗಿ ಸಿಗುವುದಿಲ್ಲ. ಒಂದೋ ಸ್ಲೀಪರಿನ ಮೇಲೆ ಒಂದೊಂದೇ ಹಳಿಯನ್ನು ಕೈಯಾರೆ ಕೂಡಿಸಬೇಕು, ಇಲ್ಲವೇ ಕಣ್ಣು ಮುಚ್ಚಿ ಕಿರಿದಾದ ಹಳಿಯ ಮೇಲೆಯೇ ನಮ್ಮ ಅಗಲದ ಬೋಗಿ ಓಡಿಸಬೇಕು. ಇದೇನು ಗ್ರಹಚಾರ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಎಡಕುಮೇರಿಯ ಈ ಹಾದಿ 1979ರಲ್ಲಿ ಶುರುವಾಗುವಾಗ ಮೀಟರ್ ಗೇಜು! ಸಾವಿರ ಮಿಲಿಮೀಟರನ್ನು ಎಂಬತ್ತೇಳರಿಂದ ಭಾಗಿಸಿದರೆ ಹನ್ನೊಂದೂವರೆ. ಆಲ್ಪ್ಸ್ ಪರ್ವತದಲ್ಲಿ ಓಡುವ ಸ್ವಿಟ್ಜರ್‌ಲೆಂಡಿನ ರೇಷಿಯನ್ ರೈಲೂ ಮೀಟರ್ ಗೇಜಿನದೇ. ಅದರ ಅಭಿಮಾನಿಗಳಿಗೆಂದು ಹನ್ನೆರಡು ಮಿಲಿಮೀಟರಿನ ಹಳಿ ಸಿದ್ಧವಾಗಿಯೇ ಮಾರಾಟಕ್ಕಿದೆ. ಹಿಮದ ಊರಿಗೆಂದು ಮಾಡಿದ ಹಳಿ ನಮ್ಮ ಮಲೆನಾಡಿನ ಜಡಿಮಳೆಯ ನಿಲ್ದಾಣಕ್ಕೆ ಅರ್ಧ ಮಿಲಿಮೀಟರಿನ ವ್ಯತ್ಯಾಸದಲ್ಲಿ ಕೂತುಬಿಡುತ್ತದೆ!

ಇನ್ನೂ ಒಂದಿದೆ. ಹಿಂದೆ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಓಡುತ್ತಿದ್ದದ್ದು 762 ಮಿಲಿಮೀಟರಿನ ನ್ಯಾರೋ ಗೇಜು. ಭಾಗಿಸಿದರೆ ಒಂಬತ್ತು ಮಿಲಿಮೀಟರಿಗೆ ಸಮೀಪ. ನೂರ ಅರವತ್ತರಲ್ಲಿ ಒಂದು ಪಾಲಿನ, ಇನ್ನೂ ಪುಟ್ಟ ಮಾದರಿಗಳಿಗೆ ಬಳಸುವ ಹಳಿಯ ಅಗಲವೂ ಸರಿಯಾಗಿ ಒಂಬತ್ತು. ಅಲ್ಲಿ ದೊಡ್ಡ ಗಾಡಿಯ ಹಳಿ, ಇಲ್ಲಿ ನಂದಿ ಬೆಟ್ಟದ ಬುಡದ ಪುಟ್ಟ ಗಾಡಿಯ ಹಳಿ. ಕಬ್ಬಿಣ ಅದೇ, ಸ್ಲೀಪರ್ ಮಾತ್ರ ಬದಲಾಯಿಸಬೇಕು.

ಆದರೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಅಳತೆಗೆ ತಕ್ಕಂತೆ ಕುಗ್ಗಲು ಒಪ್ಪದ ಸಂಗತಿಗಳು. ಮೊದಲನೆಯದು ಏರು. ಈ ಘಾಟಿಯಲ್ಲಿ ಐವತ್ತಕ್ಕೆ ಒಂದರ ಏರಿದೆ: ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಮೇಲೆ. ಮೇಜಿನ ಮೇಲೂ ಅದು ಐವತ್ತಕ್ಕೆ ಒಂದೇ, ಒಂದು ಮೀಟರ್ ಹಳಿಗೆ ಎರಡು ಸೆಂಟಿಮೀಟರ್. ಅದಕ್ಕೆ ಅಳತೆಯ ಹಂಗಿಲ್ಲ. ಎರಡನೆಯದು ತೂಕ. ಉದ್ದ ಎಂಬತ್ತೇಳು ಪಟ್ಟು ಕುಗ್ಗಿದರೆ ತೂಕ ಎಂಬತ್ತೇಳರ ಘನದಷ್ಟು, ಆರೂವರೆ ಲಕ್ಷ ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಮೀಟರ್ ಗೇಜಿನಲ್ಲಿ ದೇಶವೆಲ್ಲ ಓಡಾಡಿದ ವೈಡಿಎಂ-4 ಡೀಸೆಲ್ ಎಂಜಿನ್ 72 ಟನ್. ಲೆಕ್ಕದ ಪ್ರಕಾರ ಅದರ ಮಾದರಿ 109 ಗ್ರಾಂ ಇರಬೇಕು, ಒಂದು ಸೋಪಿನಷ್ಟು. ಅಷ್ಟು ಹಗುರವಾದರೆ ಚಕ್ರ ಅಲ್ಲೇ ತಿರುಗುತ್ತದೆ, ಗಾಡಿ ಏರುವುದಿಲ್ಲ. ಅದಕ್ಕೇ ಮಾದರಿ ಮಾಡುವವರು ಎಂಜಿನ್ನಿನ ಹೊಟ್ಟೆಯೊಳಗೆ ಸೀಸ ತುಂಬಿ ಸುಳ್ಳು ತೂಕ ಕೊಡುತ್ತಾರೆ. ಎಲ್ಲದರಲ್ಲೂ ಸತ್ಯ ಹೇಳಿ ತೂಕದಲ್ಲಿ ಮಾತ್ರ ಸುಳ್ಳು!

ತೂಕದಲ್ಲಿ ಮಾತ್ರ ಅಂದೆನೇ? ತಿರುವಿನಲ್ಲೂ ಸುಳ್ಳೇ. ನಮ್ಮ ಬ್ರಾಡ್ ಗೇಜಿನ ಅತಿ ಬಿಗಿ ತಿರುವಿನ ತ್ರಿಜ್ಯ 175 ಮೀಟರ್. ಮೇಜಿನ ಮೇಲೆ ಅದು ಎರಡು ಮೀಟರ್; ಗಾಡಿ ಒಂದು ಸುತ್ತು ತಿರುಗಬೇಕಾದರೆ ನಾಲ್ಕು ಮೀಟರ್ ಅಗಲದ ಜಾಗ ಬೇಕು. ಮಕ್ಕಳ ಸೆಟ್ಟಿನಲ್ಲಿ ಬರುವ ವೃತ್ತದ ತ್ರಿಜ್ಯ ಸುಮಾರು 36 ಸೆಂಟಿಮೀಟರ್. ನಿಜಕ್ಕೆ ಹಿಗ್ಗಿಸಿದರೆ 31 ಮೀಟರ್! ಅಂಥ ತಿರುವಿಗೆ ನಿಜದ ಎಕ್ಸ್‌ಪ್ರೆಸ್ಸನ್ನು ತಂದರೆ ಅದು ಹಳಿ ಬಿಟ್ಟು ಕಾಡಿಗೇ ಹೋಗುತ್ತದೆ. ಆ ಸುಳ್ಳು ತಿರುವನ್ನು ಮುಚ್ಚುವುದಕ್ಕಾಗಿಯೇ ಮಾದರಿಗಳಲ್ಲಿ ಮೂಲೆಗೊಂದು ಗುಡ್ಡ, ಗುಡ್ಡಕ್ಕೊಂದು ಸುರಂಗ. ಬೇರೆಯವರು ಅದಕ್ಕಾಗಿ ಇಲ್ಲದ ಗುಡ್ಡ ಕಟ್ಟಬೇಕು. ಎಡಕುಮೇರಿಗೆ ಆ ಪಾಡಿಲ್ಲ, ಅಲ್ಲಿ ಸುರಂಗ ನಿಜವಾಗಿಯೂ ಇದೆ!

ಇಷ್ಟಾದ ಮೇಲೆ ಗೊತ್ತಾಯಿತು: ರೈಲನ್ನು ದುಡ್ಡು ಕೊಟ್ಟು ತರಬಹುದು, ನಿಲ್ದಾಣವನ್ನೂ ಅದರ ಸುತ್ತಲನ್ನೂ ಮಾತ್ರ ನೋಡಿ ನೋಡಿಯೇ ಕಟ್ಟಬೇಕು. ಇದನ್ನು ಒಬ್ಬ ಮನುಷ್ಯ ಎಷ್ಟು ದೂರ ಕೊಂಡೊಯ್ದ ಗೊತ್ತೇ? ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯಾದ ತರುಣ 1925ರಲ್ಲಿ ಬ್ರಿಟನ್ನಿಗೆ ಬಂದ. ರೈಲಿನ ಹುಚ್ಚಿನವನು. ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳಲ್ಲಿ ತಿರುಗುತ್ತಾ ಹುಲ್ಲು ಹೊದಿಸಿದ ಹಳೆಯ ಮನೆಗಳಿಗೆ ಮನಸೋತ. ಅವು ಅವನ ಕಣ್ಣೆದುರಿಗೇ ಬದಲಾಗುತ್ತಿದ್ದವು. ಹುಲ್ಲು ಹೋಗಿ ಕಲ್ನಾರಿನ ಶೀಟು ಬರುತ್ತಿತ್ತು. ತಡೆಯುವ ಶಕ್ತಿ ಅವನಿಗಿರಲಿಲ್ಲ. ಅಳೆಯುವ ಶಕ್ತಿ ಇತ್ತು! ಮನೆ ಮನೆಗೆ ಹೋಗಿ ಅಳತೆ ತೆಗೆದ, ಫೋಟೋ ಹಿಡಿದ, ಗೋಡೆಯ ಬಣ್ಣ ಬರೆದುಕೊಂಡ, ಆಮೇಲೆ ರಟ್ಟು ಕತ್ತರಿಸಿ ಒಂದು ಅಡಿಗೆ ನಾಲ್ಕು ಮಿಲಿಮೀಟರಿನಂತೆ ಕಟ್ಟತೊಡಗಿದ. 1954ರಲ್ಲಿ ಲಾಂಗ್ ವಿಟೆನಮ್ ಎಂಬ ಹಳ್ಳಿಯಲ್ಲಿ ಪೆಂಡನ್ ಮ್ಯೂಸಿಯಂ ಹುಟ್ಟಿತು. ಅಲ್ಲಿಯ ಕಣಿವೆಯಲ್ಲಿ ಇಂದಿಗೂ 1930ರ ಆಸುಪಾಸಿನ ಕಾಲವೇ ನಡೆದಿದೆ. ಕೈತೋಟದಲ್ಲಿ ಕೋಸು, ಬೇಲಿಯಲ್ಲಿ ಹೂವು, ಹೊಲದ ನಡುವೆ ಹಾದುಹೋಗುವ ರೈಲು. ಇನ್ನೊಂದು ಕೋಣೆಯಲ್ಲಿ ಡಾರ್ಟ್‌ಮೂರಿನ ಕಣಿವೆ, ಅದರ ಮೇಲೆ ಎಂಜಿನಿಯರ್ ಬ್ರುನೆಲ್ ಶೈಲಿಯ ಮರದ ರೈಲು ಸೇತುವೆ. ರಾಯ್ 1995ರಲ್ಲಿ ತೀರಿಕೊಂಡ. ಕಣಿವೆ ಇನ್ನೂ ಮುಗಿದಿಲ್ಲ, ಸ್ವಯಂಸೇವಕರು ಮನೆಯ ಮೇಲೆ ಮನೆ ಸೇರಿಸುತ್ತಲೇ ಇದ್ದಾರೆ. ಹುಚ್ಚು ಎಂದರೆ ಹೀಗಿರಬೇಕು!

ಜರ್ಮನಿಯ ಹ್ಯಾಂಬರ್ಗಿನದು ಇದರ ತದ್ವಿರುದ್ಧ ಹುಚ್ಚು. ಬ್ರೌನ್ ಎಂಬ ಅವಳಿ ಸೋದರರು 2001ರ ಆಗಸ್ಟಿನಲ್ಲಿ ಬಂದರಿನ ಹಳೆಯ ಗೋದಾಮಿನಲ್ಲಿ ತೆರೆದ ಮಿನಿಯಾಟುರ್ ವುಂಡರ್‌ಲಾಂಡ್‌ನಲ್ಲಿ 16 ಕಿಲೋಮೀಟರಿಗೂ ಹೆಚ್ಚು ಹಳಿ ಇದೆ, ಎರಡೂವರೆ ಲಕ್ಷಕ್ಕೂ ಹೆಚ್ಚು ಪುಟಾಣಿ ಜನರಿದ್ದಾರೆ. ಕಾಲು ಗಂಟೆಗೊಮ್ಮೆ ಅಲ್ಲಿ ರಾತ್ರಿಯಾಗುತ್ತದೆ. ರಸ್ತೆಯ ಕೆಳಗೆ ಹೂತ ತಂತಿಯನ್ನು ಮುಂದಿನ ಚಕ್ರದ ಅಯಸ್ಕಾಂತ ಹಿಂಬಾಲಿಸುವುದರಿಂದ ಕಾರುಗಳೂ ತಾವೇ ತಿರುಗಿಕೊಂಡು ಓಡುತ್ತವೆ. ಅಷ್ಟು ದೂರ ಹೋಗಲಾಗದವರಿಗೆ ಪುಣೆಯ ಕೋಥರೂಡಿನಲ್ಲಿ ಜೋಶಿಯವರ ಕಿರು ರೈಲು ಮ್ಯೂಸಿಯಂ ಇದೆ. ಒಬ್ಬರೇ ಹಚ್ಚಿಕೊಂಡ ಹವ್ಯಾಸ 1998ರಲ್ಲಿ ಸಾರ್ವಜನಿಕರ ಪಾಲಾಯಿತು. ಹುಬ್ಬಳ್ಳಿ, ಬೆಳಗಾವಿಯ ಕಡೆಯವರು ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಆ ಊರಲ್ಲಿರಬಹುದು.

ಎಡಕುಮೇರಿಗೆ ಮರಳೋಣ, ಕಾಡು ಇನ್ನೂ ಬೆಳೆದಿಲ್ಲ. ಮಾದರಿ ಮಾಡುವವರು ಸಾಮಾನ್ಯವಾಗಿ ಎಡವುವುದು ಮರದಲ್ಲಿ. ಘಾಟಿಯ ಮೂವತ್ತು ಮೀಟರಿನ ಮರ ಈ ಅಳತೆಯಲ್ಲಿ 34 ಸೆಂಟಿಮೀಟರ್, ಒಂದಡಿಗೂ ಎತ್ತರ! ಅಂಗಡಿಯಲ್ಲಿ ಸಿಗುವ ಗೇಣುದ್ದದ ಮರಗಳನ್ನು ನೆಟ್ಟರೆ ಅದು ಪಾರ್ಕು, ಕಾಡಲ್ಲ. ಕೈಯಿಂದಲೇ ಮಾಡಬೇಕು: ತಾಮ್ರದ ತಂತಿಯ ಕಟ್ಟನ್ನು ತಿರುಚಿ ಕಾಂಡ, ಬಿಚ್ಚಿ ಹರಡಿ ಕೊಂಬೆ, ಒಣಗಿದ ತುಪ್ಪದ ಹೀರೆಯ ನಾರಿನಿಂದ ಹಂದರ, ಅದರ ಮೇಲೆ ಬಣ್ಣ ಹಾಕಿದ ಮರದ ಹುಡಿ. ಮುಂಚೂಣಿಯ ಮರಗಳಿಗೆ ಮಾತ್ರ ಬುಡದಿಂದ ತುದಿಯವರೆಗೆ ಮೈಯಿರುತ್ತದೆ. ಹಿಂದಿನವು ಬರೀ ನೆತ್ತಿ. ನೋಡುವವರ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಸುರಂಗವೂ ಅಷ್ಟೇ, ಬಾಯಿಂದ ಒಂದು ಗೇಣು ಒಳಗೆ ಕಪ್ಪು ಬಳಿದು ಬಿಟ್ಟರೆ ಆಮೇಲೆ ಕತ್ತಲೆಯೇ ನೋಡಿಕೊಳ್ಳುತ್ತದೆ.

ಹುಲ್ಲಿನ ಕೆಲಸ ಮಾಟದ ಹಾಗೆ. ನೆಲಕ್ಕೆ ಅಂಟು ಬಳಿದು, ಆ ಅಂಟಿಗೆ ಒಂದು ಮೊಳೆ ಚುಚ್ಚಿ ತಂತಿ ಸಿಕ್ಕಿಸಿ, ಮೇಲಿನಿಂದ ಸಾವಿರಾರು ವೋಲ್ಟಿನ (ಹೆದರಬೇಡಿ, ಕರೆಂಟಿನ ಪ್ರಮಾಣ ಅತ್ಯಲ್ಪ) ಜರಡಿಯೊಂದನ್ನು ಅಲ್ಲಾಡಿಸುತ್ತಾರೆ. ಒಳಗಿನ ಎರಡು-ನಾಲ್ಕು ಮಿಲಿಮೀಟರಿನ ನೈಲಾನ್ ಎಳೆಗಳು ವಿದ್ಯುತ್ತಿನ ಸೆಳೆತಕ್ಕೆ ಸಿಕ್ಕಿ ಕೆಳಗೆ ಬಿದ್ದು, ಒಂದೊಂದೂ ನೆಟ್ಟಗೆ ನಿಂತುಬಿಡುತ್ತವೆ! ಇಡೀ ಗುಡ್ಡ ಕಣ್ಣೆದುರೇ ಹಸಿರಾಗುತ್ತದೆ.

ನೀರು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಹನಿಯನ್ನು ಎಂಬತ್ತೇಳು ಪಟ್ಟು ಕುಗ್ಗಿಸಲು ಬರುವುದಿಲ್ಲ. ಮೇಜಿನ ಮೇಲೆ ನಿಜದ ನೀರು ಹರಿಸಿದರೆ ಹೊಳೆ ಹೊಳೆಯಾಗಿ ಕಾಣುವುದಿಲ್ಲ, ಯಾರೋ ಲೋಟ ಚೆಲ್ಲಿದಂತಿರುತ್ತದೆ. ಅದಕ್ಕೇ ಎಪಾಕ್ಸಿ ರಾಳವನ್ನು ತೆಳುವಾಗಿ ಪದರ ಪದರವಾಗಿ ಹೊಯ್ಯುತ್ತಾರೆ. ಒಮ್ಮೆಗೇ ದಪ್ಪಗೆ ಹೊಯ್ದರೆ ಗಟ್ಟಿಯಾಗುವಾಗ ಹುಟ್ಟುವ ಬಿಸಿಗೆ ಅದು ಬಿರಿಯುತ್ತದೆ. ಜಲ್ಲಿ ಅಂಟಿಸುವಾಗಲೂ ನೀರಿನದೇ ಹಟ. ಫೆವಿಕಾಲನ್ನು ತೆಳ್ಳಗೆ ಕಲಸಿ ಹನಿಸಿದರೆ ಅದು ಮರಳಿನೊಳಗೆ ಇಳಿಯದೆ ಗುಂಡಗೆ ಮೇಲೆಯೇ ಕೂರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ತೊಟ್ಟು ಸೇರಿಸಿ, ಸರ್ರನೆ ಇಳಿಯುತ್ತದೆ! ನೀರಿನ ಮೇಲ್ಮೈ ಬಿಗಿತ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ.

ಬಣ್ಣಕ್ಕೂ ದೂರದ ಲೆಕ್ಕವಿದೆ. ಎರಡಡಿ ಆಚೆಯಿಂದ ನೋಡುವ ಮಾದರಿ ಎಂದರೆ ನಿಜದಲ್ಲಿ ಐವತ್ತು ಮೀಟರಿಗೂ ಆಚೆಯಿಂದ ನೋಡಿದಂತೆ, ನಡುವಿನ ಗಾಳಿ ಬಣ್ಣವನ್ನು ಮಾಸಲು ಮಾಡಿರುತ್ತದೆ. ಹಾಗಾಗಿ ನಿಲ್ದಾಣದ ಹಳದಿ ಬೋರ್ಡಿಗೂ ಒಂದಿಷ್ಟು ಬಿಳಿ ಬೆರೆಸಬೇಕು, ಅದರ ಕಪ್ಪಕ್ಷರಕ್ಕೂ ಅಚ್ಚಗಪ್ಪು ಸಲ್ಲದು. ಹಳಿಯ ಮಗ್ಗುಲಿಗೆ ತುಕ್ಕಿನ ಬಣ್ಣ, ಚಕ್ರ ಉಜ್ಜುವ ನೆತ್ತಿ ಮಾತ್ರ ಫಳಫಳ. ಎಲ್ಲ ಮುಗಿಸಿ ಗಾಡಿ ಬಿಟ್ಟರೆ, ಗಂಟೆಗೆ 30 ಕಿಲೋಮೀಟರಿನ ಘಾಟಿ ವೇಗಕ್ಕೆ ಅದು ಸೆಕೆಂಡಿಗೆ ಹತ್ತು ಸೆಂಟಿಮೀಟರಿಗೂ ಕಡಿಮೆ ತೆವಳಬೇಕು. ಮಕ್ಕಳು ಬೇಗ ಬಿಡಿ ಎನ್ನುತ್ತಾರೆ. ಬಿಡಬೇಡಿ.

ನಾನು ಇಷ್ಟು ಉಸಿರುಗಟ್ಟಿ ಹೇಳುತ್ತಿರುವುದಕ್ಕೆ ಕಾರಣವಿದೆ. ಎಡಕುಮೇರಿಯ ಮೀಟರ್ ಗೇಜು ಕಿತ್ತು ಹೋಗಿದೆ. ಬ್ರಾಡ್ ಗೇಜಿನ ಮೇಲೆ 2007ರ ಕೊನೆಯಿಂದ ಪ್ರಯಾಣಿಕರ ಗಾಡಿ ಓಡುತ್ತಿದೆ. ಬೇರೆ ಊರುಗಳಲ್ಲೂ ಹಳೆಯ ನಿಲ್ದಾಣಗಳು ಹೊಸ ವೇಷ ತೊಡುತ್ತಿವೆ, ತೊಡಲಿ, ಜನರಿಗೆ ಅನುಕೂಲ ಬೇಕು. ಆದರೆ ಹೆಂಚಿನ ಸೂರು, ಕಲ್ಲಿನ ಬೆಂಚು, ಗಂಟೆಯಾಗಿ ತೂಗುಬಿಟ್ಟ ಹಳಿಯ ತುಂಡು, ಸಾಲಾಗಿ ನಿಂತ ಕೆಂಪು ಮರಳಿನ ಬಕೆಟ್ಟು, ಇವುಗಳ ಅಳತೆ ನಮ್ಮ ಬಳಿ ಎಲ್ಲಿದೆ? ರಾಯ್ ಇಂಗ್ಲೆಂಡ್ ಕೈಯಲ್ಲಿದ್ದದ್ದು ಟೇಪು, ಕ್ಯಾಮೆರಾ, ನೋಟುಬುಕ್ಕು. ನಮ್ಮೆಲ್ಲರ ಜೇಬಿನಲ್ಲಿ ಅದಕ್ಕಿಂತ ಒಳ್ಳೆಯ ಕ್ಯಾಮೆರಾ ಇದೆ.

ಮುಂದಿನ ಸಲ ಪ್ಯಾಸೆಂಜರ್ ಗಾಡಿ ಯಾವುದಾದರೂ ಸಣ್ಣ ನಿಲ್ದಾಣದಲ್ಲಿ ಕ್ರಾಸಿಂಗಿಗೆಂದು ನಿಂತರೆ, ಇಳಿದು ಸ್ಟೇಷನ್ ಮಾಸ್ತರರನ್ನು ಒಂದು ಮಾತು ಕೇಳಿ. ಕಟ್ಟಡಕ್ಕೆ ನೇರ ಎದುರು ನಿಂತು, ಗೋಡೆಗೆ ಒಂದು ಅಳತೆಕೋಲು ಆನಿಸಿ ಫೋಟೋ ತೆಗೆಯಿರಿ. ಬಾಗಿಲಿನ ಎತ್ತರ, ಕಿಟಕಿಯ ಅಗಲ, ಬೋರ್ಡಿನ ಉದ್ದ ಬರೆದುಕೊಳ್ಳಿ. ಈ ಮೂರು ಸಿಕ್ಕರೆ ಉಳಿದ ಅಳತೆಯನ್ನೆಲ್ಲ ಫೋಟೋದಿಂದಲೇ ತೆಗೆಯಬಹುದು.