ವೇಗದಲ್ಲಿ ಮಾತ್ರ ಗಾಳಿ ಕಳೆದುಕೊಳ್ಳುವ ಟೈರು

ಬೆಂಗಳೂರು–ಕೊಯಮತ್ತೂರು ಹೆದ್ದಾರಿಯಲ್ಲಿ ಮಳವಳ್ಳಿಯ ಕಡೆಯಿಂದ ಕಾವೇರಿಯನ್ನು ದಾಟಿ ಬಂದ ಸವಾರನೊಬ್ಬನು, ಸತ್ತೇಗಾಲದ ಹ್ಯಾಂಡ್‌ಪೋಸ್ಟಿನ ಬಳಿ ತನ್ನ ಮೋಟಾರ್ ಸೈಕಲ್ಲಿನ ಮುಂದಿನ ಟೈರು ಮೆತ್ತಗಾಗಿರುವುದನ್ನು ಕಂಡನೆಂದು ಭಾವಿಸೋಣ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಏಳುವುದಿಲ್ಲ. ಮತ್ತೆ ಗಾಳಿ ತುಂಬಿ ನಿಲ್ಲಿಸಿದರೆ ಬೆಳಗಿನವರೆಗೂ ಬಿಗಿಯಾಗಿಯೇ ಇರುತ್ತದೆ. ಹಾಗಾದರೆ ಗಾಳಿ ಹೋದದ್ದು ಎಲ್ಲಿಂದ?

ವಾಲ್ವಿನ ಒಳಗಿನ ಪಿನ್ನನ್ನು ನಾವು ಇಲ್ಲಿ ಗಮನಿಸಬೇಕು. ಟ್ಯೂಬಿನ ಒತ್ತಡವೂ ಒಂದು ಸಣ್ಣ ಸ್ಪ್ರಿಂಗೂ ಸೇರಿ ಅದನ್ನು ಮುಚ್ಚಿ ಹಿಡಿದಿರುತ್ತವೆ. ಟ್ಯೂಬಿನ ಕಡೆಗೆ ಒತ್ತಿದರೆ ಅದು ತೆರೆಯುತ್ತದೆ. ವಾಲ್ವಿನ ಬಾಯಿ ಚಕ್ರದ ಅಚ್ಚಿನ ಕಡೆಗಿರುವುದರಿಂದ, ತೆರೆಯುವ ದಿಕ್ಕೂ ಕೇಂದ್ರಾಪಗಾಮಿ ಬಲದ ದಿಕ್ಕೂ ಒಂದೇ ಆಗುತ್ತವೆ. ಟೈರಿನ ತ್ರಿಜ್ಯ 30 ಸೆಂ.ಮೀ., ಅಚ್ಚಿನಿಂದ ಪಿನ್ನಿಗೆ ದೂರ 22 ಸೆಂ.ಮೀ. ಎಂದಿಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಈ ಬಲವು ಪಿನ್ನಿನ ತೂಕದ ಸುಮಾರು 190ರಷ್ಟಾಗುತ್ತದೆ. ಅರ್ಧ ಗ್ರಾಮಿನ ಪಿನ್ನು 95 ಗ್ರಾಂ ಭಾರವನ್ನು ಹೊತ್ತಂತೆ! ವೇಗದ ವರ್ಗಕ್ಕೆ ಅನುಗುಣವಾಗಿ ಬಲವು ಬದಲಾಗುವುದರಿಂದ, 50 ಕಿ.ಮೀ. ವೇಗದಲ್ಲಿ ಅದು ಇದರ ಕಾಲು ಪಾಲು ಮಾತ್ರ. ಊರೊಳಗಿನ ಓಡಾಟದಲ್ಲಿ ದೋಷವು ಕಾಣದಿರುವುದು ಇದರಿಂದಲೇ. ಗಟ್ಟಿಯಾದ ಸ್ಪ್ರಿಂಗು ಈ ಭಾರವನ್ನು ತಡೆಯುತ್ತದೆ. ಸವೆದದ್ದು, ಇಲ್ಲವೆ ಮರಳು ಸೇರಿದ್ದು, ತಡೆಯಲಾರದು.

ಪರಿಹಾರ ಸುಲಭ. ಹೊಸ ಪಿನ್ನನ್ನು ಹಾಕಿಸಿ, ಒಳಗೆ ರಬ್ಬರ್ ವಾಷರ್ ಇರುವ ಲೋಹದ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಕು. ಮುಚ್ಚಳವು ಧೂಳಿಗಾಗಿ ಮಾತ್ರ ಇರುವುದೆಂದು ಭಾವಿಸಿ ಹಲವರು ಅದನ್ನು ಕಳೆದುಕೊಂಡೇ ಓಡಾಡುತ್ತಾರೆ. ಪಿನ್ನು ಸೋತಾಗ ಗಾಳಿಯನ್ನು ತಡೆಯುವುದು ಅದೊಂದೇ. ದೋಷವು ಪಿನ್ನಿನದೋ ಅಲ್ಲವೋ ಎಂಬುದನ್ನು ಪರೀಕ್ಷಿಸಲು, ಹಳೆಯ ಪಿನ್ನನ್ನು ಹಾಗೆಯೇ ಬಿಟ್ಟು ಇಂತಹ ಮುಚ್ಚಳವನ್ನು ಮಾತ್ರ ಹಾಕಿ ಅದೇ ದಾರಿಯಲ್ಲಿ ಹೋಗಿಬಂದರೆ ಸಾಕು.

ಆಗಲೂ ಗಾಳಿ ಕಳೆದರೆ, ಟೈರೂ ರಿಮ್ಮೂ ಕೂಡುವೆಡೆಯಲ್ಲಿ ಸೀಮೆಸುಣ್ಣದಿಂದ ಒಂದು ಗೆರೆಯನ್ನು ಎಳೆದು ನೋಡಬೇಕು. ಗೆರೆಯ ಎರಡು ತುಂಡುಗಳು ಅಗಲಿದರೆ ಟೈರು ರಿಮ್ಮಿನ ಮೇಲೆ ಜಾರುತ್ತಿದೆಯೆಂದು ತಿಳಿಯಬೇಕು. ಟೈರಿನೊಡನೆ ಟ್ಯೂಬೂ ಜಾರಿ ವಾಲ್ವಿನ ಬುಡವನ್ನು ಎಳೆಯುತ್ತದೆ. ಓರೆಯಾಗಿ ನಿಂತ ವಾಲ್ವೇ ಇದಕ್ಕೆ ಸಾಕ್ಷಿ. ಕಡಮೆ ಗಾಳಿಯಲ್ಲಿ ಓಡಿಸುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಬುಡ ಹರಿದರೆ ಗಾಳಿಯು ಕಡ್ಡಿಗಳ ರಂಧ್ರಗಳಿಂದ ಕ್ಷಣಾರ್ಧದಲ್ಲಿ ಹೊರಬೀಳುವುದು. ಮುಂದಿನ ಚಕ್ರಕ್ಕೆ ಹೀಗಾದರೆ ಸವಾರನು ಬೀಳದೆ ಉಳಿಯುವುದು ಕಷ್ಟ. ಇಂತಹ ಟ್ಯೂಬಿಗೆ ತೇಪೆ ಹಾಕಿಸದೆ ಹೊಸದನ್ನೇ ಕೊಳ್ಳತಕ್ಕದ್ದು.

ಗಾಳಿಯನ್ನು ಅಳೆಯುವುದು ಹೊರಡುವ ಮುನ್ನ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಮಾಪಕವು ಹೆಚ್ಚು ತೋರಿಸಿ ಸಣ್ಣ ಸೋರಿಕೆಯನ್ನು ಮರೆಮಾಡುತ್ತದೆ.