ಮುಧೋಳ ನಾಯಿಯಂತೆ ಓಡಿದ ಪುಟ್ಟ ಕಾರು



ಮುಧೋಳ ತಳಿಯ ನಾಯಿಯನ್ನು ನೀವು ನೋಡಿಯೇ ಇರುತ್ತೀರಿ. ಉದ್ದನೆಯ ಮೂತಿ, ಒಳಸೇರಿದ ಹೊಟ್ಟೆ, ತೆಳ್ಳಗಿನ ಮೈ, ನೀಳವಾದ ಕಾಲುಗಳು. ಅದರ ಪಕ್ಕದಲ್ಲಿ ಒಂದು ಎಮ್ಮೆಯನ್ನು ನಿಲ್ಲಿಸಿದರೆ ಶಕ್ತಿ ಯಾವುದಕ್ಕೆ ಹೆಚ್ಚು? ಎಮ್ಮೆಗೆ. ಓಟಕ್ಕೆ ಬಿಟ್ಟರೆ ಗೆಲ್ಲುವುದು ಯಾವುದು? ನಾಯಿ. ಅಂದರೆ ವೇಗವಾಗಿ ಓಡಲು ಶಕ್ತಿಯೊಂದೇ ಸಾಲದು. ಮೈಯ ತೂಕ ಮತ್ತು ಆಕಾರವೂ ಅಷ್ಟೇ ಮುಖ್ಯ.

ಈ ತತ್ವವನ್ನು ಇಟಲಿ ದೇಶದ ಕೆಲವರು ಎರಡನೇ ಮಹಾಯುದ್ಧ ಮುಗಿದ ಕೂಡಲೇ ಒಂದು ಕಾರಿನಲ್ಲಿ ಮಾಡಿ ತೋರಿಸಿದರು. ಆ ಕಾರಿನ ಹೆಸರು ಚಿಸಿಟಾಲಿಯಾ 202. ಇಂಥ ಮುಚ್ಚಿದ ಮೈಯ ಕಾರುಗಳು ತಯಾರಾದದ್ದು ಸುಮಾರು 170 ಮಾತ್ರ. ಇದರ ಮೈಯನ್ನು ಯಂತ್ರದಲ್ಲಿ ಒತ್ತಿ ತೆಗೆಯಲಿಲ್ಲ, ಕುಶಲಕರ್ಮಿಗಳು ಸುತ್ತಿಗೆಯಿಂದ ಬಡಿದು ರೂಪಿಸಿದರು. ಈ ಕಾರಿನ ಹಿಂದಿರುವ ವಿಜ್ಞಾನವನ್ನು ಇಂದು ತಿಳಿಯೋಣ.

ಬಟ್ಟೆ ವ್ಯಾಪಾರಿಯ ಕನಸು

1945ರಲ್ಲಿ ಯುದ್ಧ ಮುಗಿದಾಗ ಇಟಲಿಯ ಸ್ಥಿತಿ ಕೆಟ್ಟಿತ್ತು. ಕಾರ್ಖಾನೆಗಳ ಊರಾದ ಟ್ಯೂರಿನ್ ನಗರದ ಮೇಲೆ ಅನೇಕ ಬಾರಿ ಬಾಂಬುಗಳು ಬಿದ್ದಿದ್ದವು. ಹಣವೂ ಇರಲಿಲ್ಲ, ಸಾಮಗ್ರಿಯೂ ಇರಲಿಲ್ಲ. ಅದೇ ಊರಿನಲ್ಲಿ ಪಿಯೆರೋ ಡುಸಿಯೋ ಎಂಬುವರಿದ್ದರು. ಒಂದು ಕಾಲದಲ್ಲಿ ಫುಟ್‌ಬಾಲ್ ಆಟಗಾರರಾಗಿದ್ದ ಇವರು ಬಟ್ಟೆ ವ್ಯಾಪಾರದಲ್ಲಿ ಹಣ ಗಳಿಸಿದ್ದರು. ಓಟದ ಕಾರು ಕಟ್ಟಬೇಕೆಂಬುದು ಅವರ ಆಸೆ. ಆದರೆ ಹೊಸ ದೊಡ್ಡ ಎಂಜಿನ್ ತಯಾರಿಸುವುದು ಸುಲಭವಿರಲಿಲ್ಲ. ಹೀಗಾಗಿ ಫಿಯಟ್ ಕಂಪನಿಯ 1100 ಎಂಬ ಸಾಮಾನ್ಯ ಕಾರಿನ ಎಂಜಿನ್ನನ್ನೇ ಆರಿಸಿಕೊಂಡು ಸುಧಾರಿಸಲಾಯಿತು.

ಈ ಎಂಜಿನ್ ನಮಗೆ ಪರಕೀಯವೇನಲ್ಲ. ಇದೇ ವಂಶದ ಎಂಜಿನ್ ನಮ್ಮ ದೇಶದ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿಯೂ ಇತ್ತು. ನಿಮ್ಮ ಅಜ್ಜ, ಅಜ್ಜಿಯನ್ನು ಕೇಳಿದರೆ 'ಫಿಯಟ್ ಕಾರು' ಎಂದು ಕೂಡಲೇ ಗುರುತು ಹೇಳುತ್ತಾರೆ. ಮುಂಬಯಿಯಲ್ಲಿ ಅದು ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರವರೆಗೂ ಓಡಿತು.

ಲೆಕ್ಕ ಮಾಡಿ ನೋಡಿ: ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಪ್ರತಿಯೊಂದರ ವ್ಯಾಸ 6.8 ಸೆಂ.ಮೀ. ಪಿಸ್ಟನ್ ಚಲಿಸುವ ದೂರ 7.5 ಸೆಂ.ಮೀ. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತು. 22/7 × 3.4 × 3.4 × 7.5 = ಸುಮಾರು 272.5 ಘನ ಸೆಂ.ಮೀ. ಇದನ್ನು 4ರಿಂದ ಗುಣಿಸಿದರೆ ಸುಮಾರು 1090. ಪುಸ್ತಕಗಳಲ್ಲಿ ಇದನ್ನು 1089 ಸಿಸಿ ಎಂದು ಬರೆಯುತ್ತಾರೆ. ನಮ್ಮ ಉತ್ತರ ಸ್ವಲ್ಪ ಹೆಚ್ಚಾದದ್ದು ಏಕೆ? 22/7 ಎಂಬುದು ಪೈಯ ನಿಜ ಬೆಲೆಗಿಂತ ತುಸು ದೊಡ್ಡದು. ಅದಕ್ಕೇ.

ಪದ್ಮಿನಿಯ ಎಂಜಿನ್ ಸುಮಾರು 40 ಅಶ್ವಶಕ್ತಿ ಕೊಡುತ್ತಿತ್ತು. ಚಿಸಿಟಾಲಿಯಾದವರು ಅದೇ ಅಳತೆಯ ಎಂಜಿನ್ನಿನಿಂದ 50ರಿಂದ 60 ಅಶ್ವಶಕ್ತಿ ಪಡೆದರು. ಇದೂ ಬಹಳ ದೊಡ್ಡ ಶಕ್ತಿಯೇನಲ್ಲ. ಆದರೂ ಆ ಕಾರು ಗಂಟೆಗೆ ಸುಮಾರು 160 ಕಿ.ಮೀ. ವೇಗದಲ್ಲಿ ಓಡಬಲ್ಲದಾಗಿತ್ತು. ಅದರ ಗುಟ್ಟು ಮೈಯಲ್ಲಿದೆ.

ಎಲುಬು ಮತ್ತು ಚರ್ಮ

ಹೊಸ ಲಾರಿಯ ಚಾಸಿಯನ್ನು ಬರಿಮೈಯಲ್ಲಿ ಓಡಿಸಿಕೊಂಡು ಹೋಗುವುದನ್ನು ನೀವು ರಸ್ತೆಯಲ್ಲಿ ಕಂಡಿರಬಹುದು. ಎಂಜಿನ್, ಗಾಲಿ, ಸ್ಟೇರಿಂಗ್ ಎಲ್ಲ ಇರುತ್ತವೆ. ಮೈ ಮಾತ್ರ ಇರುವುದಿಲ್ಲ. ಮುಂದೆ ಬಾಡಿ ಕಟ್ಟುವವರು ಮರ ಮತ್ತು ತಗಡಿನಿಂದ ಅದರ ಮೇಲೆ ಮೈ ಕಟ್ಟುತ್ತಾರೆ. ಚಾಸಿ ಎಲುಬಿನ ಗೂಡಾದರೆ ಬಾಡಿ ಅದರ ಚರ್ಮ. ಹಿಂದೆ ಕಾರುಗಳಿಗೂ ಹೀಗೆಯೇ ಮೈ ಕಟ್ಟುತ್ತಿದ್ದರು. ಕುದುರೆಗಾಡಿ ಕಟ್ಟುತ್ತಿದ್ದವರ ವಿದ್ಯೆಯೇ ಕಾರಿಗೂ ಬಂತು.

ಚಿಸಿಟಾಲಿಯಾದ ಎಲುಬುಗಳನ್ನು ತೆಳುವಾದ ಉಕ್ಕಿನ ಕೊಳವೆಗಳಿಂದ ಜೋಡಿಸಿದ್ದರು. ನಿಮ್ಮ ಸೈಕಲ್ಲಿನ ಚೌಕಟ್ಟು ಕೂಡ ಕೊಳವೆಯೇ ಅಲ್ಲವೇ? ಒಂದೇ ತೂಕದ ಗಟ್ಟಿ ಸರಳು ಮತ್ತು ಕೊಳವೆ ಎರಡನ್ನು ತೆಗೆದುಕೊಂಡರೆ ಕೊಳವೆಯೇ ಬಾಗದಂತೆ ಹೆಚ್ಚು ತಡೆಯುತ್ತದೆ. ಜೋಳದ ದಂಟು, ಬಿದಿರು, ಹಕ್ಕಿಯ ಎಲುಬು ಇವುಗಳಲ್ಲಿಯೂ ಬಲವೆಲ್ಲ ಹೊರಸುತ್ತಿನಲ್ಲಿರುವುದನ್ನು ಗಮನಿಸಿ.

ಚರ್ಮಕ್ಕೆ ಆರಿಸಿದ ಲೋಹ ಅಲ್ಯೂಮಿನಿಯಂ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಸುಮಾರು 7.8 ಕಿ.ಗ್ರಾಂ ತೂಗುತ್ತದೆ. ಅಷ್ಟೇ ದೊಡ್ಡ ಅಲ್ಯೂಮಿನಿಯಂ ತಗಡಿನ ತೂಕ 2.7 ಕಿ.ಗ್ರಾಂ ಮಾತ್ರ.

ಸುತ್ತಿಗೆಯ ವಿಜ್ಞಾನ

ಮೈ ಕಟ್ಟುವ ಕೆಲಸ ಟ್ಯೂರಿನ್ನಿನ ಬತಿಸ್ತ ಫರೀನಾ ಅವರಿಗೆ ಬಂತು. ಇವರ ಅಡ್ಡಹೆಸರು 'ಪಿನಿನ್'. ಅವರ ಊರ ಮಾತಿನಲ್ಲಿ ಅದರ ಅರ್ಥ 'ಚಿಕ್ಕವ'. 1930ರಲ್ಲಿ ಅವರು ಸ್ವಂತ ಕಾರ್ಯಾಗಾರ ತೆರೆದಿದ್ದರು.

ಚಪ್ಪಟೆ ತಗಡು ದುಂಡಾಗುವುದು ಹೇಗೆ? ತಾಮ್ರದ ಕೊಡ ಬಡಿಯುವವರನ್ನು ನೆನೆಯಿರಿ. ಪೆಟ್ಟು ಬಿದ್ದ ಕಡೆ ಲೋಹ ತೆಳುವಾಗಿ ಹಿಗ್ಗುತ್ತದೆ. ಸುತ್ತಲಿನ ಭಾಗ ಹಿಗ್ಗದ ಕಾರಣ ನಡುವಿನ ಭಾಗ ಉಬ್ಬುತ್ತದೆ. ಆದರೆ ಬಡಿಯುತ್ತಾ ಹೋದಂತೆ ತಗಡು ಗಡುಸಾಗುತ್ತದೆ. ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ ಜೋಡಣೆಯಾಗಿರುತ್ತವೆ. ಪೆಟ್ಟು ಬಿದ್ದಾಗ ಸಾಲುಗಳು ಜಾರುತ್ತವೆ. ಹಲವು ಬಾರಿ ಜಾರಿದ ಮೇಲೆ ಒಂದಕ್ಕೊಂದು ಸಿಕ್ಕುಬೀಳುತ್ತವೆ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಎಳೆ ಸಿಕ್ಕಾದರೆ ನೇಯ್ಗೆ ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ. ಆಗಲೂ ಬಡಿದರೆ ತಗಡು ಬಿರುಕು ಬಿಡುತ್ತದೆ.

ಇದಕ್ಕೆ ಪರಿಹಾರ ಕಾಯಿಸುವುದು. ಬಿಸಿಯಾದಾಗ ಪರಮಾಣುಗಳು ಮತ್ತೆ ಸರಿಯಾಗಿ ಜೋಡಣೆಗೊಂಡು ಲೋಹ ಮೆತ್ತಗಾಗುತ್ತದೆ. ಆದರೆ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಬಿಡುತ್ತದೆ. ಕರಗುವ ಮೊದಲು ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಕೆ ಕೊಡುವುದೂ ಇಲ್ಲ. ಅದಕ್ಕಾಗಿ ಕುಶಲಕರ್ಮಿಗಳು ತಗಡಿಗೆ ಸಾಬೂನು ಸವರಿ ಕಾಯಿಸುತ್ತಾರೆ. ಸಾಬೂನು ಕಪ್ಪಾದರೆ ಶಾಖ ಸಾಕು ಎಂದು ಅರ್ಥ. ಉಷ್ಣತಾಮಾಪಕವಿಲ್ಲದೆ ಉಷ್ಣತೆ ಅಳೆಯುವ ಜಾಣತನವಿದು.

ಗಾಳಿಯ ತಡೆ

ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಗಾಳಿಯ ಬಲ ಗೊತ್ತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ವೇಗ ನಾಲ್ಕು ಪಟ್ಟಾದರೆ ತಡೆ ಹದಿನಾರು ಪಟ್ಟು! ಹಳೆಯ ಕಾರುಗಳಲ್ಲಿ ದೀಪ, ಮಡ್‌ಗಾರ್ಡ್, ಬಾನೆಟ್ ಎಲ್ಲವೂ ಬೇರೆ ಬೇರೆಯಾಗಿ ಚಾಚಿಕೊಂಡಿದ್ದವು. ಫರೀನಾ ಅವರ ಕಾರಿನಲ್ಲಿ ಇವೆಲ್ಲ ಒಂದೇ ಚರ್ಮದೊಳಗೆ ಸೇರಿಕೊಂಡವು. ಗಾಳಿ ಸಿಕ್ಕಿಕೊಳ್ಳದೆ ಮೈಮೇಲೆ ಜಾರಿಹೋಗುತ್ತಿತ್ತು.

ಮಳೆಯಲ್ಲಿ ನಡೆದ ಪರೀಕ್ಷೆ

1947ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಸಿದ್ಧ 'ಮಿಲ್ಲೆ ಮಿಲಿಯಾ' ಓಟ ನಡೆಯಿತು. ಬ್ರೆಷಾ ನಗರದಿಂದ ಹೊರಟು ರೋಮ್ ಮುಟ್ಟಿ ಹಿಂದಿರುಗುವ ಸುಮಾರು 1800 ಕಿ.ಮೀ. ದಾರಿ. 202 ಮಾದರಿಯ ತೆರೆದ ಮೈಯ ಕಾರನ್ನು ತಾತ್ಸಿಯೋ ನುವೊಲಾರಿ ಓಡಿಸಿದರು. ವಯಸ್ಸು 54, ಆರೋಗ್ಯವೂ ಚೆನ್ನಾಗಿರಲಿಲ್ಲ. ಎದುರಾಳಿ ಬಿಯೊಂಡೆಟ್ಟಿ ಅವರ ಆಲ್ಫಾ ರೋಮಿಯೋ ಕಾರಿನ ಎಂಜಿನ್ 2900 ಸಿಸಿ, ಅಂದರೆ ಎರಡೂವರೆ ಪಟ್ಟಿಗಿಂತಲೂ ದೊಡ್ಡದು. ಆದರೂ ಪುಟ್ಟ ಕಾರು ಮುಂದಿತ್ತು! ಕೊನೆಯ ಹಂತದಲ್ಲಿ ಜೋರು ಮಳೆ ಸುರಿಯಿತು. ಎಂಜಿನ್ನಿಗೆ ಕಿಡಿ ಕೊಡುವ ಭಾಗಕ್ಕೆ ನೀರು ಹೊಕ್ಕು ಕಾರು ನಿಂತಿತು. ಅದನ್ನು ಒಣಗಿಸಿ ಹೊರಡುವಷ್ಟರಲ್ಲಿ ಬಿಯೊಂಡೆಟ್ಟಿ ಮುಂದೆ ಹೋಗಿದ್ದರು. ನುವೊಲಾರಿ ಎರಡನೆಯವರಾದರು. ಮೂರನೇ ಮತ್ತು ನಾಲ್ಕನೇ ಸ್ಥಾನಗಳೂ ಚಿಸಿಟಾಲಿಯಾಕ್ಕೇ ಬಂದವು.

ಮುಂದೇನಾಯಿತು?

ಸುತ್ತಿಗೆಯಿಂದ ಕಾರು ಮಾಡಲು ಸಮಯ, ಹಣ ಎರಡೂ ಹೆಚ್ಚು ಬೇಕು. ಡುಸಿಯೋ ಇದರ ಜೊತೆಗೆ ಬಹಳ ದುಬಾರಿಯಾದ ಇನ್ನೊಂದು ಓಟದ ಕಾರಿಗೂ ಕೈಹಾಕಿ ಸಾಲದಲ್ಲಿ ಸಿಲುಕಿದರು. ಕಂಪನಿ ಬಹುಕಾಲ ಬಾಳಲಿಲ್ಲ. ಆದರೆ ಕಾರಿನ ಆಕಾರ ಉಳಿಯಿತು. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಎಂಟು ಕಾರುಗಳ ಪ್ರದರ್ಶನದಲ್ಲಿ ಇದನ್ನೂ ಇಟ್ಟಿತು. 1972ರಲ್ಲಿ ಒಂದು ಕಾರು ಅಲ್ಲಿನ ಶಾಶ್ವತ ಸಂಗ್ರಹಕ್ಕೇ ಸೇರಿತು.

ನಿಮಗೆ ಗೊತ್ತೇ? 2015ರ ಡಿಸೆಂಬರ್‌ನಲ್ಲಿ ಫರೀನಾ ಅವರ ಸಂಸ್ಥೆಯ ಬಹುಪಾಲು ಷೇರುಗಳನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡದ್ದು ನಮ್ಮ ದೇಶದ ಮಹೀಂದ್ರ ಸಮೂಹ. ಜಮಖಂಡಿ, ಬೀಳಗಿಯ ಹೊಲಗಳಲ್ಲಿ ಓಡುವ ಮಹೀಂದ್ರ ಟ್ರ್ಯಾಕ್ಟರುಗಳನ್ನು ತಯಾರಿಸುವ ಸಮೂಹವೇ ಅದು!

ಮಕ್ಕಳೇ, ಇಂದಿನ ಕಾರುಗಳಿಗೆ ಮೈಯೇ ಚೌಕಟ್ಟು. ದೊಡ್ಡ ಯಂತ್ರಗಳು ಒಂದೇ ಒತ್ತಿಗೆ ತಗಡಿಗೆ ಆಕಾರ ಕೊಡುತ್ತವೆ. ಆದರೂ ಕೈಕಸುಬು ಮುಗಿದಿಲ್ಲ. ನಜ್ಜುಗುಜ್ಜಾದ ಬಾಗಿಲನ್ನು ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡುವವರು ಬಡಿದು ನೇರ ಮಾಡುವುದನ್ನು ದೂರದಲ್ಲಿ ನಿಂತು ನೋಡಿ. ಅವರ ಕಿವಿ ಪೆಟ್ಟಿನ ಸದ್ದನ್ನು ಕೇಳುತ್ತದೆ, ಅಂಗೈ ಉಬ್ಬುತಗ್ಗನ್ನು ಓದುತ್ತದೆ. ಆ ಕೈಗಳಲ್ಲಿಯೂ ಭೌತವಿಜ್ಞಾನವಿದೆ. ಅವರನ್ನು ಗೌರವದಿಂದ ಮಾತನಾಡಿಸಿ, ಪ್ರಶ್ನೆ ಕೇಳಿ.

ಮಾಡಿ ನೋಡಿ

1. ಒಂದು ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಪುಸ್ತಕ ಇಡಲು ಪ್ರಯತ್ನಿಸಿ. ಅದೇ ಹಾಳೆಯನ್ನು ಕೊಳವೆಯಂತೆ ಸುತ್ತಿ, ಅಂಟಿಸಿ, ನಿಲ್ಲಿಸಿ ಪುಸ್ತಕ ಇಡಿ. ಎಷ್ಟು ಪುಸ್ತಕ ತಡೆಯಿತು?

2. ತಾಮ್ರದ ತಂತಿಯ ತುಂಡೊಂದನ್ನು ಒಂದೇ ಕಡೆ ಹಿಂದೆ ಮುಂದೆ ಬಾಗಿಸಿ. ಎಷ್ಟನೇ ಸಲಕ್ಕೆ ಅದು ಗಡುಸಾಯಿತು? ಎಷ್ಟನೇ ಸಲಕ್ಕೆ ಮುರಿಯಿತು?

3. ಕಬ್ಬು ಹೇರಿದ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ಚಿಸಿಟಾಲಿಯಾದಂಥ ತೆಳುವಾದ, ನುಣುಪಾದ ಮೈ ಏಕೆ ಬೇಕಿಲ್ಲ? ಯೋಚಿಸಿ, ತರಗತಿಯಲ್ಲಿ ಚರ್ಚಿಸಿ.